ಹೆಣ್ಣಿನ ಕಡೆಯ ಎಲೆ

ನನ್ನ ಮದುವೆ ಮೊಳಕಾಲ್ಮುರಿನ ಗುಡಿಯಲ್ಲಿ, ಕಡಿಮೆ ಖರ್ಚಿನಲ್ಲಿ ಎಂದು ನಿಶ್ಚಯವಾಗಿತ್ತು. ವಾಲಗ ಬೇಡ, ವಿಡಿಯೊ ಬೇಡ ಎಂದು ನಾನು ಒಂದೊಂದನ್ನೇ ಕೈಬಿಟ್ಟಂತೆ ಗಂಡಿನ ಕಡೆಯವರು ‘ಹುಡುಗಿ ಬಾಳ ಜಾಣೆ’ ಎಂದು ಹೊಗಳುತ್ತಿದ್ದರು. ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಕರೆಯಲು ಯಾರಾದರೂ ಇದ್ದಿದ್ದರೆ ನಾನೂ ವಾಲಗ ಊದಿಸುತ್ತಿದ್ದೆ. ಅವ್ವ ಹೋಗಿ ವರ್ಷವಾಗಿತ್ತು. ನನ್ನವರೆಂದು ಬೇರೆ ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಚಳ್ಳಕೆರೆಯ ನನ್ನ ಬಾಡಿಗೆ ಕೋಣೆಯಲ್ಲಿದ್ದಾಗ ಮದುವೆಯ ಅಡುಗೆಯವರು ಫೋನ್ ಮಾಡಿದರು.

“ಹೆಣ್ಣಿನ ಕಡೆ ಎಷ್ಟು ಎಲೆ ಆಗ್ತವಮ್ಮಾ?”

“ಎರಡು ಹಾಕ್ರಿ. ಒಂದು ನಂದು, ಇನ್ನೊಂದು ನಮ್ಮವ್ವನ ಎಡೆಗೆ,” ಎಂದೆ.

“ಎಡೆ ಇಟ್ಟಿದ್ದನ್ನ ಆಮೇಲೆ ಮನೆಯೋರೇ ಉಣ್ಬೇಕಲ್ಲಮ್ಮಾ, ಯಾರು ಉಣ್ತಾರೆ?”



“ನಾನೇ ಉಣ್ಬೇಕು. ಹಂಗಾರೆ ಒಂದೇ ಎಲೆ ಸಾಕು ಬಿಡ್ರಿ.”