ಮುಂದಿನ ಶುಕ್ರವಾರ

1981 ಸೆಪ್ಟೆಂಬರ್ 13, ಭಾನುವಾರ, ಬೆಳಗ್ಗೆ 6.40. ಬಚ್ಚಲಿನಲ್ಲಿ ಅವ್ವ ಮಗುವಿಗೆ ನೀರು ಹುಯ್ಯುತ್ತಿದ್ದಾಳೆ. ಅಕ್ಕನ ಮಗಳಿಗೆ ಇಂದಿಗೆ ಎರಡು ವರ್ಷ ಆರು ದಿನ.

ಹದಿಮೂರನೇ ವಯಸ್ಸಿನಿಂದ ನಾನು ಡೈರಿ ಬರೆಯುತ್ತಿದ್ದೇನೆ. ಮಳೆ ಬಂದ ದಿನ, ಎಮ್ಮೆ ಈದ ದಿನ, ಆನೆ ಹೊಲಕ್ಕೆ ನುಗ್ಗಿದ ದಿನ, ಎಲ್ಲಕ್ಕೂ ತಾರೀಖು ಉಂಟು. "ನಮ್ಮನೇಲಿ ಪಂಚಾಂಗ ತರದೇ ಬ್ಯಾಡ, ಸಾಕೀವಿ ಒಂದ" ಎಂದು ಅಪ್ಪ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಎರಡು ವರ್ಷದಿಂದ ಹಾಗೆ ಹೇಳಿಲ್ಲ.

ಅಕ್ಕನನ್ನು ಘಾಟಿ ಇಳಿದು ಸತ್ಯಮಂಗಲದ ಆಚೆಯ ಊರಿಗೆ ಕೊಟ್ಟಿದ್ದೆವು. ಬಾವನ ಮನೆಮಾತು ತಮಿಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು. ಆದರೆ ಏಳನೇ ತಿಂಗಳಲ್ಲಿ ಅವಳ ಕಾಲು ಊದಿಕೊಂಡವು. ಇಪ್ಪತ್ತೇಳು ತಿರುವು ಹತ್ತಿ ಬರುವುದು ಬೇಡ ಎಂದರು ಡಾಕ್ಟರು. ಹೆರಿಗೆ ಹೊತ್ತಿಗೆ ಅವ್ವನೇ ಅಲ್ಲಿಗೆ ಹೋಗುವುದೆಂದು ಮಾತಾಯಿತು.

1979 ಸೆಪ್ಟೆಂಬರ್ 10, ಸೋಮವಾರ. ಕೆಳಗಿನಿಂದ ಬಂದ ಮೊದಲ ಬಸ್ಸಿನ ಕಂಡಕ್ಟರು ಬಾಗಿಲಲ್ಲೇ ಜೋತುಕೊಂಡು ಅವ್ವನನ್ನು ಕೂಗಿದ. ಅವನು ನಮ್ಮ ಬೆಟ್ಟದವನೇ. ತಮಿಳಿನವರಿಗೆ ತಮಿಳು, ನಮಗೆ ಕನ್ನಡ.

"ನಿಮ್ ಅಳಿಯ ಬಸ್‌ಸ್ಟ್ಯಾಂಡ್‌ಗೆ ಬಂದಿದ್ರು ಕಣವ್ವ. ಮುಂದಿನ ಸುಕ್ರವಾರ ಎರ್ಗೆಯಂತೆ. ನೀವು ಬರ್ಬೇಕಂತೆ. ಅಜ್ಜಿ ಆಯ್ತೀಯ, ನನ್ಗೂ ಒಸಿ ಸಕ್ರೆ ಮಡ್ಗಿರು."

"ನಿನ್ ಬಾಯ್ಗೆ ಮೂಟೇನೇ ಸುರಿತೀನಿ, ಓಗು" ಎಂದಳು ಅವ್ವ.

ಮನೆಗೆ ಬಂದವಳೇ ನನ್ನನ್ನು ಕೇಳಿದಳು: "ನಿನ್ ಬುಕ್ಕು ಏನಂತದೆ ನೋಡು ಕೂಸು."

ಬಸಿರೆಂದು ಅಕ್ಕ ಬರೆದ ಮೊದಲ ಕಾಗದದಿಂದ ದಿನ ಎಣಿಸಿ ಇಟ್ಟಿದ್ದೆ. ನನ್ನ ಲೆಕ್ಕಕ್ಕೆ ದಿನ ತುಂಬುವುದು ಸೆಪ್ಟೆಂಬರ್ 14ಕ್ಕೆ. ಅದು ಶುಕ್ರವಾರ. "ಸರ್ಯಾಗದೆ ಕಣವ್ವ, ಬರೋ ಸುಕ್ರವಾರವೇ" ಎಂದೆ. ಹೆಮ್ಮೆಯಿಂದಲೇ ಹೇಳಿದೆ.

"ಡಾಕ್ಟ್ರು ಯೋಳದೂ ಅದೇ, ನನ್ ಮಗ್ಳು ಯೋಳದೂ ಅದೇ. ಇನ್ಯಾಕೆ ಗಾಬ್ರಿ?" ಎಂದ ಅಪ್ಪ. ಡಾಕ್ಟರು ಹೇಳಿದರೆಂದು ಕಂಡಕ್ಟರು ಹೇಳಿರಲೇ ಇಲ್ಲ. ದಿನ ಗೊತ್ತು ಮಾಡಿದ್ದಾರೆಂದರೆ ಡಾಕ್ಟರೇ ಇರಬೇಕು, ಡಾಕ್ಟರು ನೋಡುತ್ತಿದ್ದಾರೆಂದರೆ ಹೆದರಬೇಕಿಲ್ಲ, ಶುಕ್ರವಾರಕ್ಕೆ ಗುರುವಾರ ಹೋದರೆ ಸಾಕು. ಒಂದರ ಮೇಲೊಂದು ನಾವೇ ಕಟ್ಟಿಕೊಂಡೆವು.

ಸಿಕ್ಕ ಮೂರು ದಿನವನ್ನು ಅವ್ವ ಬಾಣಂತಿ ಖಾರಕ್ಕೆ ಕೊಟ್ಟಳು. ಮೆಣಸು, ಒಣಶುಂಠಿ ಒಣಗಿಸಲು ಬಿಸಿಲಿರಲಿಲ್ಲ, ತುಂತುರು ಹಿಡಿದಿತ್ತು. ಒಲೆಯ ಪಕ್ಕ ಮೊರದಲ್ಲಿ ಹರಡಿ, ಗಳಿಗೆಗೊಮ್ಮೆ ಕೈಯಾಡಿಸುತ್ತಿದ್ದಳು. ಬುಧವಾರ ಮಧ್ಯಾಹ್ನ ಕುಟ್ಟಿದೆವು. ನಾನು ಜರಡಿ ಹಿಡಿದೆ. ಇಬ್ಬರೂ ಸೀನಿ ಸೀನಿ ನಕ್ಕೆವು. ಡೈರಿಯಲ್ಲಿ ಹೀಗಿದೆ: "ಖಾರ ಎರಡು ಡಬ್ಬಿ. ಹಳೇ ಸೀರೆ ತುಂಡು ಹದಿನಾಲ್ಕು."

ಗುರುವಾರ ಮೊದಲ ಬಸ್ಸಿಗೆ ನಾನೂ ಅವ್ವನೂ ಹೊರಟೆವು. ಘಾಟಿ ಇಳಿಯುವ ಮೊದಲು ದಿಂಬಂನಲ್ಲಿ ಬಸ್ಸು ಟೀಗೆ ನಿಂತಿತು. ಎದುರು ಬಸ್ಸು ಹತ್ತಿ ಬಂದು ನಿಲ್ಲದೆ ಹೋಯಿತು. ನಮಗೆ ಕಳಿಸಿದ್ದ ಸಾವಿನ ಸುದ್ದಿ ಆ ಬಸ್ಸಿನಲ್ಲಿತ್ತು ಎಂದು ಆಮೇಲೆ ತಿಳಿಯಿತು. ಅವ್ವ ಟೀ ಆರಿಸಿಕೊಂಡು ಕುಡಿಯುತ್ತಿದ್ದಳು.

ಅಕ್ಕನನ್ನು ಜಗಲಿಯ ಮೇಲೆ ಮಲಗಿಸಿದ್ದರು. ಆಸ್ಪತ್ರೆಯಲ್ಲಿ ಹಿಂದಿನ ದಿನ ಸಂಜೆ ತೀರಿಕೊಂಡಿದ್ದಳು.

ಅವ್ವ ಮೊದಲು ಅಳಲಿಲ್ಲ. ಯಾರೋ ಮಡಿಲಿಗೆ ಮಗುವನ್ನು ಕೊಟ್ಟರು. ಬಟ್ಟೆ ಬಿಚ್ಚಿ ನೋಡಿದಳು. ಊರಿನಲ್ಲಿ ಎಷ್ಟೋ ಹೆರಿಗೆ ಕಂಡವಳು. ಹೊಕ್ಕುಳಬಳ್ಳಿ ಒಣಗಿ ಉದುರಿತ್ತು.

"ಇದು ನಿನ್ನೆ ಉಟ್ಟಿದ್ದಲ್ಲ. ಯಾವತ್ತು ಉಟ್ತು?"

"ಮುಂದಿನ ವೆಳ್ಳಿಕ್ಕಿಳಮೆ, ಅತ್ತೆ" ಎಂದ ಬಾವ.

"ಅದು ನಾಳೆ ಅಲ್ವಾ?" ಎಂದಳು ಅವ್ವ.

ಆಗ ಆ ಮಾತು ನನ್ನ ಕಿವಿಗೆ ಬಿತ್ತು. ಕನ್ನಡದಲ್ಲಿ ಮುಂದಿನ ಶುಕ್ರವಾರ ಎಂದರೆ ಬರುವುದು. ತಮಿಳಿನಲ್ಲಿ ಅದೇ 'ಮುಂದಿನ' ಎಂದರೆ ಕಳೆದುಹೋದದ್ದು. ಕಂಡಕ್ಟರು 'ವೆಳ್ಳಿಕ್ಕಿಳಮೆ'ಯನ್ನು ಶುಕ್ರವಾರ ಮಾಡಿದ್ದ, 'ಪ್ರಸವಂ' ಎಂಬುದನ್ನು ಹೆರಿಗೆ ಮಾಡಿದ್ದ. 'ಮುಂದಿನ' ಎರಡು ಕಡೆಯೂ ಇರುವ ಮಾತು, ಅದನ್ನು ಹಾಗೇ ಬಿಟ್ಟಿದ್ದ. ಮಗು ಏಳನೇ ತಾರೀಖು ಹುಟ್ಟಿತ್ತು. ಭಾನುವಾರದಿಂದ ಅಕ್ಕನಿಗೆ ಜ್ವರ. ಅದನ್ನು ಹೇಳಿದರೆ ಅತ್ತೆ ದಾರಿಯುದ್ದಕ್ಕೂ ಅಳುತ್ತಾರೆಂದು ಬಾವ ಹೇಳಿರಲಿಲ್ಲ. ಸುದ್ದಿ ಮುಟ್ಟಿಸಿದೆ ಎಂದು ಕಂಡಕ್ಟರು ಹೇಳಿದ್ದರಿಂದ ಅವರು ಸೋಮವಾರ ಸಂಜೆಯಿಂದಲೇ ಪ್ರತಿ ಬಸ್ಸಿಗೂ ನಮ್ಮನ್ನು ಕಾದಿದ್ದರು.

ಸೋಮವಾರವೇ ಹೊರಟಿದ್ದರೆ ಅವಳು ಬದುಕುತ್ತಿದ್ದಳೋ ಇಲ್ಲವೋ, ನಾನು ಹೇಳಲಾರೆ. ಎರಡು ದಿನ ಅವ್ವ ಪಕ್ಕದಲ್ಲಿರುತ್ತಿದ್ದಳು. ಇಷ್ಟು ಮಾತ್ರ ಗೊತ್ತು.

ಹದಿನೈದು ದಿನದ ಮೇಲೆ ಕಂಡಕ್ಟರು ಮನೆಗೆ ಬಂದು ಹೊಸಿಲಾಚೆಯೇ ಕೂತ. "ಕೇಳಿದ್ದ ಕೇಳ್ದಂಗೇ ಯೋಳ್ದೆ ಕಣಣ್ಣ" ಎಂದ. ಅದು ನಿಜ. ಬಾವ ಹೇಳಿದ್ದೂ ನಿಜ. ನನ್ನ ಎಣಿಕೆಯಲ್ಲೂ ತಪ್ಪಿರಲಿಲ್ಲ, ಮಗು ಒಂದು ವಾರ ಮೊದಲೇ ಬಂದಿತ್ತು ಅಷ್ಟೇ. ತಪ್ಪಾಗಿ ಕೇಳಿದ ಮಾತಿಗೆ ನನ್ನ ಎಣಿಕೆ ಸಾಕ್ಷಿ ಹೇಳಿತು. ಬುಕ್ಕು ತೆಗೆಯದೆ "ಗೊತ್ತಿಲ್ಲ ಕಣವ್ವ" ಎಂದಿದ್ದರೆ ಅವ್ವ ಅವತ್ತಿನ ಬಸ್ಸಿಗೇ ಹೊರಡುತ್ತಿದ್ದಳು. ಅವ್ವ ಈ ಮಾತನ್ನು ಒಂದು ದಿನವೂ ಆಡಿಲ್ಲ. ಖಾರದ ಎರಡು ಡಬ್ಬಿಯೂ ಅಟ್ಟದಲ್ಲಿವೆ.

ಮಗು ಅವ್ವನನ್ನೇ ಅವ್ವ ಎನ್ನುತ್ತದೆ. ನನ್ನ ಹೆತ್ತವ್ವ ಕೊನೆಗೆ ಏನಂದಳು ಎಂದು ಒಂದು ದಿನ ಕೇಳುತ್ತದೆ. ಕೊನೆಯ ದಿನ ಬಾವ ಔಷಧಿಗೆಂದು ಹೊರಗೆ ಹೋಗಿದ್ದಾಗ ಪಕ್ಕದ ಮಂಚದ ಹೆಂಗಸೊಬ್ಬರು ಅಕ್ಕನಿಗೆ ನೀರು ಕುಡಿಸಿ, ಕನ್ನಡದಲ್ಲಿ ಮಾತಾಡಿಸಿದರಂತೆ. ನಮ್ಮ ಬೆಟ್ಟದ ಕಡೆಯವರೇ ಇರಬೇಕು. ಊರು ಗೊತ್ತಿಲ್ಲ. ಇದನ್ನು ಓದಿದವರಲ್ಲಿ ಅವರನ್ನು ಬಲ್ಲವರಿದ್ದರೆ, ಅಕ್ಕ ಏನು ಹೇಳಿದಳೆಂದು ಕೇಳಿ ಬರೆದು ತಿಳಿಸಿ. ಕನ್ನಡವಾದರೂ ಸರಿ, ತಮಿಳಾದರೂ ಸರಿ. ವಾರ ಬರೆಯುವುದಾದರೆ ಪಕ್ಕದಲ್ಲಿ ತಾರೀಖನ್ನೂ ಹಾಕಿ.