ತಲೆಕೆಳಗಾದ ಕುದುರೆ ಹಲ್ಲು

ಹಲ್ಲಿನ ಮೇಲಿನ ಹೊಳಪು ಪದರ ಒಮ್ಮೆ ಕಟ್ಟಿಕೊಂಡರೆ ಮತ್ತೆ ಬದಲಾಗುವುದಿಲ್ಲ. ಚರ್ಮ ಬದಲಾಗುತ್ತದೆ, ಮೂಳೆ ಬದಲಾಗುತ್ತದೆ, ಗೆದ್ದ ಮೇಲೆ ಮುಖಂಡರೂ ಬದಲಾಗುತ್ತಾರೆ. ಈ ಪದರ ಮಾತ್ರ ತಾನು ಕಟ್ಟಿಕೊಳ್ಳುವಾಗ ಬಾಯಿಗೆ ಬಿದ್ದ ನೀರು, ಹುಲ್ಲು, ಹಾಲು ಎಲ್ಲದರ ಗುರುತನ್ನೂ ಸಾವಿರಾರು ವರ್ಷ ಹಾಗೇ ಇಟ್ಟುಕೊಂಡಿರುತ್ತದೆ. ದಿನಾ ಬೆಳಿಗ್ಗೆ ಬ್ರಷ್ ಹಿಡಿದು ಕನ್ನಡಿ ಮುಂದೆ ಹಲ್ಲು ಕಿರಿಯುವ ನಮಗೆ ಇಷ್ಟಾದರೂ ಗೊತ್ತಿರಬೇಕಿತ್ತು. ಗೊತ್ತಿಲ್ಲ.

ಹಲ್ಲಕ್ಕನಿಗೆ ಗೊತ್ತು. ನಮ್ಮೂರ ಸಂಗ್ರಹಾಲಯದ ಹಿಂದೆ, ಸೈಕಲ್ ನಿಲ್ಲಿಸುವ ಜಾಗ ದಾಟಿದರೆ, ಒಂದು ಉದ್ದನೆಯ ಕೋಣೆ. ಅಲ್ಲಿ ಆಕೆಯ ಮೇಜು, ಸಣ್ಣ ಕೊರೆಯುವ ಯಂತ್ರ, ಭೂತಗನ್ನಡಿ, ಉಸಿರು ಬಿಟ್ಟರೂ ಅಲುಗುವ ತಕ್ಕಡಿ. ಗೋಡೆಯ ಮೇಲೆ ಆಕೆಯದೇ ಕೈಬರಹ: ‘ಸೀನು ಬಂದರೆ ಹೊರಗೆ ಓಡಿ.’ ಹತ್ತೊಂಬತ್ತು ವರ್ಷ ಹಲ್ಲಿನ ಡಾಕ್ಟರೊಬ್ಬರ ಪಕ್ಕದಲ್ಲಿ ನಿಂತು ಪಳಗಿದ ಕೈ. ಡಾಕ್ಟರು ಮುದುಕರಾಗಿ ಬಾಗಿಲು ಹಾಕಿದ ಮೇಲೆ ಇಲ್ಲಿಗೆ ಸೇರಿದಳು. “ಈ ರೋಗಿಗಳೇ ವಾಸಿ” ಅನ್ನುತ್ತಾಳೆ. “ಕಿರುಚಲ್ಲ, ಬೆರಳು ಕಚ್ಚಲ್ಲ.”

ಮನೆಯಲ್ಲಿ ಅತ್ತೆ ಇದ್ದಾರೆ. ಬಾಯಲ್ಲಿ ಒಂದು ಹಲ್ಲೂ ಇಲ್ಲ, ಮಾತಿಗೇನೂ ಕೊರತೆಯಿಲ್ಲ.

“ಏನೇ, ಸತ್ತ ಕುದುರೆ ಹಲ್ಲಿಗೆ ಇಷ್ಟೊಂದು ಉಪಚಾರ ಮಾಡ್ತೀಯ. ನನ್ನ ಬಾಯಿ ಖಾಲಿ ಬಿದ್ದಿದೆ, ಎರಡು ತಂದು ಕೂರಿಸಬಾರದಾ?”

“ಕೂರಿಸ್ತೀನಿ ಅತ್ತೆ. ಆಮೇಲೆ ಹುಲ್ಲು ಕೇಳಿದ್ರೆ ನಾನೆಲ್ಲಿಂದ ತರ್ಲಿ?”

ಕೆಲಸ ಹೀಗೆ. ಕುದುರೆಯ ಹಲ್ಲು ಜಗಿಯುವ ತುದಿಯಿಂದ ಬೇರಿನ ಕಡೆಗೆ ಕಟ್ಟಿಕೊಳ್ಳುತ್ತಾ ಹೋಗುತ್ತದೆ. ತುದಿಯಲ್ಲಿರುವುದು ಎಳವೆಯ ಸುದ್ದಿ, ಬೇರಿನ ಬಳಿ ಇರುವುದು ಆಮೇಲಿನದು. ಹಲ್ಲಕ್ಕ ಉದ್ದಕ್ಕೂ ಹದಿನಾಲ್ಕು ಗೆರೆ ಕೊರೆದು, ಒಂದೊಂದು ಗೆರೆಯ ಪುಡಿಯನ್ನೂ ಒಂದೊಂದು ಪುಟ್ಟ ಶೀಷೆಗೆ ತುಂಬಿ, ನಂಬರ್ ಬರೆದು, ಬೇರೆ ಊರಿನ ದೊಡ್ಡ ಯಂತ್ರಕ್ಕೆ ಕಳಿಸುತ್ತಾಳೆ. ನೀರಿನ ಆಮ್ಲಜನಕದಲ್ಲಿ ಹಗುರದ್ದೂ ಇದೆ, ಭಾರದ್ದೂ ಇದೆ. ವಿಜ್ಞಾನದವರು ಐಸೋಟೋಪ್ ಅನ್ನುತ್ತಾರೆ. ಬಿಸಿಲಿಗೆ ಹಗುರದ್ದು ಮೊದಲು ಹಾರುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. ಆ ಯಂತ್ರ ಎರಡನ್ನೂ ಅಳೆದು ಹಿಮಯುಗದ ಬೇಸಿಗೆ ಯಾವುದು, ಚಳಿಗಾಲ ಯಾವುದು ಎಂದು ಗೆರೆ ಎಳೆದು ಕೊಡುತ್ತದೆ.

ಆಕೆಯದು ಗುತ್ತಿಗೆ ಕೆಲಸ. ವರ್ಷಕ್ಕೊಮ್ಮೆ ಸಂಗ್ರಹಾಲಯದ ದೊಡ್ಡ ಸಾಹೇಬರು ಫಾರಂಗೆ ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ವರ್ಷದ ಫಾರಂ ಅವರ ಮೇಜಿನ ಮೇಲೆ ಸಹಿಯಿಲ್ಲದೆ ಬಿದ್ದಿದ್ದಾಗಲೇ ಆ ಹಲ್ಲಿನ ಗಲಾಟೆ ಶುರುವಾದದ್ದು.

ಜಲ್ಲಿ ಅಗೆಯುವವರಿಗೆ ಸಿಕ್ಕ ಹಿಮಯುಗದ ಕಾಡುಕುದುರೆಯ ದವಡೆ ಅದು. ಅದರ ಒಂದು ಹಲ್ಲನ್ನು ಹಲ್ಲಕ್ಕ ಕೊರೆದು ಕಳಿಸಿದ್ದಳು. ಫಲಿತಾಂಶ ಬಂದಾಗ ಕೊನೆಯ ಶೀಷೆಗಳಲ್ಲಿ ಭಾರದ ಆಮ್ಲಜನಕ ಸರ್ರನೆ ಏರಿತ್ತು. ಸಾಹೇಬರು ಕುಣಿದಾಡಿದರು. ಇಲ್ಲೊಂದು ಕೆರೆಯಿತ್ತು, ಕುದುರೆ ಬದುಕಿದ್ದಾಗಲೇ ಬತ್ತಿಹೋಯಿತು! ‘ಹಿಮಯುಗದ ಮಹಾ ಬರ’ ಎಂಬ ಫಲಕ ಬರೆಸಿದರು, ಪತ್ರಿಕೆಯವರನ್ನು ಕರೆದರು.

ಅಚ್ಚಿಗೆ ಹೋಗುವ ಮುನ್ನ ಫಲಕದ ಕರಡು ಹಲ್ಲಕ್ಕನ ಮೇಜಿಗೆ ಬಂತು. ಗೆರೆ ನೋಡಿದಳು, ಇನ್ನೊಮ್ಮೆ ನೋಡಿದಳು. ಇದೇ ಜಾತಿಯ ಹನ್ನೊಂದು ಹಲ್ಲು ಆಕೆ ಹಿಂದೆ ಕೊರೆದಿದ್ದಳು. ಎಲ್ಲದರಲ್ಲೂ ಭಾರ ಇದ್ದದ್ದು ಶುರುವಿನಲ್ಲಿ, ಯಾಕೆಂದರೆ ತಾಯಿಯ ಹಾಲಿನ ನೀರು ಹೊಳೆಯ ನೀರಿಗಿಂತ ಭಾರ. ಇಲ್ಲಿ ಕೊನೆಯಲ್ಲಿದೆ. ಹುಲ್ಲು ಮೇದು ಬೆಳೆದ ಕುದುರೆ ಆಮೇಲೆ ಅಮ್ಮನ ಹಾಲು ಕುಡಿಯಲು ಹೊರಟಿತೇ?

ತನ್ನ ನೋಟ್‌ಬುಕ್ ತೆಗೆದಳು. ಹಿಂದಿನ ಹನ್ನೊಂದೂ ಕೆಳದವಡೆಯ ಹಲ್ಲು. ಇದೊಂದೇ ಮೇಲ್ದವಡೆಯದು. ಮೇಲಿನ ಹಲ್ಲಿನ ಬೇರು ಮೇಲಕ್ಕೆ ತಾನೇ? ಹತ್ತೊಂಬತ್ತು ವರ್ಷ ಬಾಯಿ ತೆರೆದು ಕೂತವರನ್ನು ನೋಡಿದ ಕೈ, ತನಗೇ ಗೊತ್ತಿಲ್ಲದೆ ಹಲ್ಲನ್ನು ಬೇರು ಮೇಲಾಗಿ ಹಿಡಿಗೆ ಸಿಕ್ಕಿಸಿ, ಮೇಲಿನಿಂದ ಒಂದು, ಎರಡು ಎಂದು ನಂಬರ್ ಹಾಕಿತ್ತು. ಎಳವೆಯ ತುದಿಗೆ ಕೊನೆಯ ನಂಬರ್ ಬಿದ್ದಿತ್ತು. ಚಿತ್ರವೂ ಹಾಗೇ ಬರೆದಿದ್ದಳು. ಅದರ ಕೆಳಗೆ, ‘ಪರಿಶೀಲಿಸಿದೆ’ ಎಂಬ ಮುದ್ರೆಯ ಮೇಲೆ, ಸಾಹೇಬರ ಸಹಿ.

ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ. ತಾನಾಗಿ ಹೋಗಿ ಹೆಗಲು ತೋರಿಸಿದಳು.

“ಸರ್, ಬರ ಬಂದಿಲ್ಲ. ನಾನು ಹಲ್ಲು ತಲೆಕೆಳಗಾಗಿ ಕೊರೆದಿದ್ದೀನಿ.”

“ಏನಮ್ಮಾ, ತಮಾಷೆನಾ? ನಾಳಿದ್ದು ಪತ್ರಿಕೆಯವರು ಬರ್ತಾರೆ!”

“ಬರ್ಲಿ ಸರ್, ಕಾಫಿ ಕೊಟ್ಟು ಕಳಿಸೋಣ. ಮಕ್ಕಳು ಬಂದು ಓದೋ ಫಲಕ ಅದು.”

“ನಿನ್ನ ಫಾರಂ ಇನ್ನೂ ನನ್ನ ಹತ್ರಾನೇ ಇದೆ, ನೆನಪಿದೆಯಾ?”

“ಇದೆ ಸರ್. ಅದೇ ದವಡೆಯ ಕೊನೇ ಹಲ್ಲೂ ನಿಮ್ಮ ಹತ್ರಾನೇ ಇದೆ. ಅದು ಇದಾದ ಮೇಲೆ ಕಟ್ಟಿಕೊಂಡಿದ್ದು. ನಿಜವಾಗಿ ಕೆರೆ ಬತ್ತಿದ್ರೆ ಅದರಲ್ಲಿ ಭಾರ ಇನ್ನೂ ಜಾಸ್ತಿ ಇರಬೇಕು. ಕೊರೆಯೋಕೆ ಕೊಡಿ. ಇದ್ರೆ ನಾನೇ ಮನೆಗೆ ಹೋಗ್ತೀನಿ.”

ಸಾಹೇಬರಿಗೆ ಕೊಡದೆ ವಿಧಿಯಿರಲಿಲ್ಲ. ಫಲಕದ ಕರಡು ಒಯ್ಯಲು ಬಂದ ಅಚ್ಚಿನವನು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ.

ಉತ್ತರ ಬರಲು ಹದಿನೆಂಟು ದಿನ. ಅಲ್ಲಿಯವರೆಗೆ ಫಲಕವೂ ಪತ್ರಿಕೆಯವರೂ ಕಾಯಬೇಕಾಯಿತು. ಮನೆಯಲ್ಲಿ ಅತ್ತೆ ರೇಗಿದರು. “ಬಾಯಿ ಮುಚ್ಚಿಕೊಂಡಿದ್ರೆ ಆ ಕುದುರೆ ಬಂದು ಸಾಕ್ಷಿ ಹೇಳ್ತಿತ್ತಾ?”

“ಸಾಕ್ಷಿ ಹೇಳಿತಲ್ಲಾ ಅತ್ತೆ, ನಾನೇ ಉಲ್ಟಾ ಬರ್ಕೊಂಡೆ.”

ಅತ್ತೆಗೆ ಎಷ್ಟು ನಗು ಬಂತೆಂದರೆ ನೀರು ಕುಡಿಸಬೇಕಾಯಿತು. ಮರುದಿನದಿಂದ ಅವರೇ ಗೇಟಿನ ಬಳಿ ನಿಂತು ಕೇಳತೊಡಗಿದರು: “ಬಂತೇನೇ ಕುದುರೆ ಕಾಗದ?”

ಬಂತು. ಆ ಕೊನೇ ಹಲ್ಲಿನಲ್ಲಿ ಬೇಸಿಗೆ, ಚಳಿಗಾಲ, ಮತ್ತೆ ಬೇಸಿಗೆ. ಅಲೆ ಎದ್ದು ಅಲೆ ಬಿದ್ದಂತೆ ಗೆರೆ. ಬರ ಗಿರ ಏನೂ ಇಲ್ಲ. ತಣ್ಣನೆಯ ಹುಲ್ಲುಗಾವಲು, ತುಂಬಿದ ಕೆರೆ, ತಾಯಿಯ ಕೆಚ್ಚಲಿಗೆ ಬಾಯಿ ಹಾಕಿದ ಒಂದು ಕೊಬ್ಬಿದ ಮರಿ. ಬರಕ್ಕಿಂತ ಸುಂದರವಾದ ಸುದ್ದಿ! ಹೊಸ ಫಲಕದ ಮುಂದೆ ಈಗ ಮಕ್ಕಳು ಬಿಡದೆ ನಿಲ್ಲುತ್ತವೆ. ಹಲ್ಲಕ್ಕ ಮೇಲ್ದವಡೆಯ ಪೆಟ್ಟಿಗೆಗಳಿಗೆಲ್ಲ ಕೆಂಪು ಬಾಣದ ಗುರುತು ಅಂಟಿಸಿದ್ದಾಳೆ.

ಇನ್ನು ನನ್ನ ಹೊಟ್ಟೆ ಉರಿಸಿದ ಸಂಗತಿ. ಪತ್ರಿಕೆಯಲ್ಲಿ ಬಂದದ್ದು ‘ಸಾಹೇಬರ ಕಟ್ಟುನಿಟ್ಟಿನ ಮರುಪರೀಕ್ಷೆ’. ಹಲ್ಲಕ್ಕನ ಫಾರಂನಲ್ಲಿ ಬಂದದ್ದು ‘ನಿರ್ಲಕ್ಷ್ಯ’ ಎಂಬ ಒಂದು ಪದ, ಮತ್ತು ವರ್ಷದ ಬದಲು ಆರು ತಿಂಗಳ ಗುತ್ತಿಗೆ. ನೋಡದೆ ಸಹಿ ಹಾಕಿದವರಿಗೆ ಹಾರ, ನೋಡಿ ಹೇಳಿದವಳಿಗೆ ಬರೆ. ಆಕೆ ನಗುತ್ತಾಳೆ: “ಆರು ತಿಂಗಳಿಗೆ ಇಪ್ಪತ್ತು ಹಲ್ಲು ಕೊರೀಬಹುದು, ಬಿಡಿ.” ಯಾಕೆ ಬಿಡಬೇಕು? ತಪ್ಪು ಒಪ್ಪಿಕೊಂಡವರ ಹೊಟ್ಟೆಯ ಮೇಲೆ ಹೊಡೆದರೆ, ನಾಳೆ ಆ ಕೋಣೆಯಲ್ಲಿ ಯಾರು ಬಾಯಿ ಬಿಡುತ್ತಾರೆ? ಆಮೇಲೆ ನಿಮ್ಮ ಮಕ್ಕಳು ಓದುವ ಫಲಕಗಳಲ್ಲಿ ಎಷ್ಟು ಸುಳ್ಳು ಬರ ಇರುತ್ತದೆ, ಲೆಕ್ಕ ಹಾಕಿ.

ಸಂಗ್ರಹಾಲಯದ ಬಾಗಿಲ ಬಳಿ ಸಲಹೆಯ ಪುಸ್ತಕವಿದೆ, ದಾರ ಕಟ್ಟಿದ ಪೆನ್ನೂ ಇದೆ. ಈ ಭಾನುವಾರ ಹೋಗಿ. ‘ಚೆನ್ನಾಗಿದೆ’ ಎಂದು ಗೀಚಿ ಬರಬೇಡಿ. ಹಲ್ಲು ಕೊರೆಯುವಾಕೆಯ ಫಾರಂನಿಂದ ಆ ಪದ ತೆಗೆಯಿರಿ, ಆಕೆಯ ಕೆಲಸ ಕಾಯಂ ಮಾಡಿ ಎಂದು ಬರೆದು, ಕೆಳಗೆ ನಿಮ್ಮ ಸಹಿ ಹಾಕಿ.