ಗಿರಿಜಾ ಮೇಡಂ ಕನ್ನಡಕ ತೆಗೆದರೆ

ಗಿರಿಜಾ ಮೇಡಂ ಜಗಳಕ್ಕೆ ನಿಲ್ಲುವ ಮೊದಲು ಕನ್ನಡಕ ತೆಗೆಯುತ್ತಿದ್ದರು. ದಪ್ಪ ಗಾಜಿನ ಕನ್ನಡಕ. ಅದಿಲ್ಲದಿದ್ದರೆ ಎದುರಿಗಿದ್ದವರು ಅವರಿಗೆ ಬರೀ ಮಬ್ಬು. ಯಾಕೆ ತೆಗೆಯುತ್ತೀರಿ ಎಂದು ಒಮ್ಮೆ ಕೇಳಿದ್ದೆ. "ಮುಖ ಕಂಡ್ರೆ ದಾಕ್ಷಿಣ್ಯ ಬರ್ತೈತಕ್ಕಾ. ಪಾಪ, ಇವರಿಗೂ ಹೆಂಡ್ತಿ ಮಕ್ಕಳು ಇರ್ತಾರೆ, ಬಿಪಿ ಇರ್ತೈತೆ ಅಂತೆಲ್ಲ ಅನ್ಸತೈತೆ. ಮುಖ ಕಾಣ್ಲಿಲ್ಲ ಅಂದ್ರೆ ಅನ್ನೋದನ್ನ ಅಂದು ಮುಗಿಸ್ಬೋದು" ಎಂದಿದ್ದರು.

ಮೇಘನಾ, ಹೋದ ಭಾನುವಾರ ಊಟಕ್ಕೆ ಕೂತಾಗ ನೀನು, "ನನಗೆ ಎಕನಾಮಿಕ್ಸ್ ಬೇಕು, ಪಿಯುಸಿಯಲ್ಲಿ ಗಣಿತ ಬಿಟ್ಟುಬಿಡ್ತೀನಿ" ಎಂದೆ. ನಿಮ್ಮಮ್ಮ ತಟ್ಟೆ ಬಿಟ್ಟು ಎದ್ದು ಒಳಗೆ ಹೋದಳು. ಯಾಕೆ ಹೋದಳೆಂದು ನಿನಗೂ ನಿನ್ನ ತಮ್ಮನಿಗೂ ಗೊತ್ತಿಲ್ಲ. ಎದುರಿಗೆ ಕೂತು ಹೇಳುವುದು ನಿನ್ನ ಈ ಅಜ್ಜಿಗೆ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ದಾವಣಗೆರೆ ಹೊಸದಾಗಿ ಜಿಲ್ಲೆಯಾಗಿತ್ತು. ನಿಮ್ಮ ತಾತ ತೀರಿಕೊಂಡಿದ್ದರು. ನಾನೂ ನಿಮ್ಮಮ್ಮ ನಿರ್ಮಲಾಳೂ ಹರಿಹರದಲ್ಲಿ ಒಂದು ಚಿಕ್ಕ ಮನೆಯಲ್ಲಿದ್ದೆವು. ಅವಳು ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಪಿಯುಸಿ ಆರ್ಟ್ಸ್ ಓದುತ್ತಿದ್ದಳು. ಅಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದವರು ಗಿರಿಜಾ ಮೇಡಂ. ಕೆ.ಬಿ. ಬಡಾವಣೆಯಲ್ಲಿ ಒಬ್ಬರೇ ಇದ್ದರು. ಸಂತೆಗೆ ಹೋದರೆ ಎಲ್ಲರೂ ಎಷ್ಟು ಎಂದು ಕೇಳುತ್ತಾರೆ, ಮೇಡಂ ಯಾಕಷ್ಟು ಎಂದು ಕೇಳುವರು. ಮಳೆ ಹೋಯಿತೋ, ಲಾರಿ ಬರಲಿಲ್ಲವೋ, ನಡುವೆ ಯಾರು ತಿಂದರು, ಎಲ್ಲ ಬೇಕು. "ನೀವು ತಗಳೋದು ಒಂದು ಸೇರು ಮಂಡಕ್ಕಿ, ಕೇಳೋದು ಒಂದು ಮೂಟೆ ಕಣ್ರಮ್ಮ" ಎಂದು ಅಂಗಡಿಯವನು ಗೊಣಗುತ್ತಿದ್ದ.

ನಿರ್ಮಲಾಳ ತಲೆ ಚುರುಕು ಎಂದು ಮೊದಲು ಕಂಡುಕೊಂಡವರೂ ಅವರೇ. ಹೊರರಾಜ್ಯದಲ್ಲಿ ಒಂದು ವಿಶ್ವವಿದ್ಯಾಲಯವಿತ್ತು. ಅಲ್ಲಿ ಅರ್ಥಶಾಸ್ತ್ರದ ಜೊತೆಗೇ ಸಾಹಿತ್ಯ, ಇತಿಹಾಸ, ತತ್ವಶಾಸ್ತ್ರ ಯಾವುದನ್ನಾದರೂ ಓದಬಹುದಿತ್ತು; ಬಡ ಮಕ್ಕಳಿಗೆ ಶುಲ್ಕವಿರಲಿಲ್ಲ. ಆದರೆ ಒಂದು ನಿಯಮ: ಅರ್ಥಶಾಸ್ತ್ರ ಬೇಕೆಂದವರು ಎರಡನೇ ಪಿಯುಸಿಯಲ್ಲಿ ಗಣಿತ ಪಾಸಾಗಿರಬೇಕು. ನಮ್ಮ ಕಡೆ ಕಾಲೇಜುಗಳಲ್ಲಿ ಆರ್ಟ್ಸ್‌ನವರಿಗೆ ಗಣಿತ ಇರಲಿಲ್ಲ.

ಮೇಡಂ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಕನ್ನಡಕ ತೆಗೆದರು. ಏನಂದರೋ ಗೊತ್ತಿಲ್ಲ. ಮೊದಲ ವರ್ಷ ನಿರ್ಮಲಾ ಸೇರಿ ಆರ್ಟ್ಸ್‌ನ ನಾಲ್ಕು ಹುಡುಗಿಯರು ಕಾಮರ್ಸ್‌ನವರ ಗಣಿತದ ಕ್ಲಾಸಿನಲ್ಲಿ ಕೂರಲು ಒಪ್ಪಿಗೆ ಸಿಕ್ಕಿತು. "ಮುಂದಿನ ವರ್ಷಕ್ಕೆ ಬೋರ್ಡಿನ ಮಂಜೂರಾತಿ ನಾನೇ ತರಸ್ತೀನಿ" ಎಂದು ಆ ಮನುಷ್ಯ ಮಾತು ಕೊಟ್ಟ.

ಭಾನುವಾರ ಆ ನಾಲ್ವರಿಗೂ ಮೇಡಂ ಮನೆಯಲ್ಲಿ ಪಾಠ. ನಾನೂ ಜೊತೆಗೆ ಹೋಗಿ ಅಡುಗೆಮನೆ ಬಾಗಿಲಲ್ಲಿ ಕೂರುತ್ತಿದ್ದೆ. ಈರುಳ್ಳಿ ಬೆಲೆ ಸುಡುತ್ತಿದ್ದ ವರ್ಷ ಅದು. ಒಂದು ದಿನ ನನ್ನನ್ನೇ ಕರೆದರು.

"ಅಕ್ಕಾ, ಈರುಳ್ಳಿ ತುಟ್ಟಿ ಆತಲ್ಲ, ಏನ್ ಮಾಡಿದ್ರಿ?"

"ಅರ್ಧ ಹಾಕಿದೆ ಕಣ್ರಿ."

"ಉಪ್ಪು ತುಟ್ಟಿ ಆದ್ರೆ?"

"ಉಪ್ಪು ಅರ್ಧ ಹಾಕಿದ್ರೆ ಯಾರು ತಿಂತಾರ್ರಿ?"

ಹುಡುಗಿಯರು ನಕ್ಕರು. ನನಗೂ ಒಳಗೊಳಗೇ ಹಿಗ್ಗು. ಮೇಡಂ ಮಾತ್ರ ನಗಲಿಲ್ಲ. "ಇದು ನಿಮ್ಮಮ್ಮಗೂ ಗೊತ್ತೈತೆ, ನಮ್ಮಮ್ಮಗೂ ಗೊತ್ತಿತ್ತು. ಊರಾಗಿನ ಹೆಂಗಸರಿಗೆಲ್ಲ ಗೊತ್ತೈತೆ. ಆದ್ರೆ ಬೆಲೆ ಎಷ್ಟು ಏರಿದ್ರೆ ಕೊಳ್ಳೋದು ಎಷ್ಟು ಇಳಿತೈತೆ ಅಂತ ಬರೆದು ತೋರಿಸ್ಲಿಲ್ಲ ಅಂದ್ರೆ ದಿಲ್ಲಿಯಾಗೆ ಯಾರೂ ಇವರ ಮಾತು ಕೇಳಲ್ಲ. ಅದಕ್ಕೇ ಗಣಿತ. ಹಿಡೀರಿ ಪೆನ್ನು" ಎಂದರು. ನನ್ನ ಹಿಗ್ಗು ಇಳಿಯಿತು. ಆದರೆ ಗಣಿತ ಯಾತಕ್ಕೆ ಎಂಬುದು ಅವತ್ತೇ ನನಗೆ ತಿಳಿಯಿತು.

ಎರಡನೇ ವರ್ಷ ಶುರುವಾದ ವಾರವೇ ನಾಲ್ವರನ್ನೂ ಗಣಿತದ ಕ್ಲಾಸಿನಿಂದ ಎಬ್ಬಿಸಿದರು. ಮೇಡಂ ನನ್ನನ್ನು ಕರೆಸಿಕೊಂಡರು. "ಮಾತು ಬರದಿದ್ರೆ ಬ್ಯಾಡ. ನನ್ನ ಪಕ್ಕದಾಗೆ ನಿಂತ್ಕೊಳ್ರಿ ಸಾಕು. ತಾಯಿ ಬಂದಾಳೆ ಅಂತ ಆ ಪ್ರಿನ್ಸಿಪಾಲನಿಗೆ ಗೊತ್ತಾಗ್ಲಿ."

ಪ್ರಿನ್ಸಿಪಾಲರದು ಬೆಣ್ಣೆಯಂಥ ದನಿ. "ಬರ್ರಿ ತಾಯಿ, ಕೂಡ್ರಿ, ಟೀ ತರಸ್ತೀನಿ" ಎಂದರು. ಹಿಂದಿನ ಗೋಡೆಯ ಮೇಲೆ ಕಾಲೇಜಿನ ರಿಸಲ್ಟಿನ ಹಲಗೆ, ಸುತ್ತ ಪ್ಲಾಸ್ಟಿಕ್ ಹಾರ.

"ಟೀ ಬ್ಯಾಡ. ಮಂಜೂರಾತಿ ಎಲ್ಲೈತೆ?" ಮೇಡಂ ಕನ್ನಡಕ ಕೈಯಲ್ಲಿತ್ತು.

"ನಾನು ಬೋರ್ಡಿಗೆ ಕೇಳ್ಲೇ ಇಲ್ಲ ಮೇಡಂ. ಆರ್ಟ್ಸ್ ಹುಡುಗೀರು ಗಣಿತದಾಗೆ ಫೇಲಾದ್ರೆ ನಮ್ಮ ಹಲಗೆ ಏನಾಗ್ಬೇಕು?"

"ಹೋದ ವರ್ಷ ಇವರು ನಿಮ್ಮ ಕಾಮರ್ಸ್ ಹುಡುಗರಿಗಿಂತ ಮುಂದಿದ್ರು."

"ಇರಬೋದು. ಹೆಣ್ಮಕ್ಕಳಿಗೆ ಮನೆ ಲೆಕ್ಕ ಬಂದ್ರೆ ಸಾಕಲ್ಲೇನ್ರಿ? ಏನಂತೀರಿ ತಾಯಿ?" ಎಂದು ನನ್ನ ಕಡೆ ತಿರುಗಿ ನಕ್ಕರು.

"ಅವರನ್ನ ಕೇಳಬ್ಯಾಡ್ರಿ, ನನಗೆ ಹೇಳ್ರಿ" ಎಂದು ಮೇಡಂ ಮೇಜು ಬಡಿದರು. ಟೀ ತಂದವನು ಬಾಗಿಲಲ್ಲೇ ನಿಂತುಬಿಟ್ಟ. ಎಷ್ಟು ಬಡಿದರೂ ಆ ನಗು ಮಾಸಲಿಲ್ಲ. ಮಂಜೂರಾತಿಯೂ ಬರಲಿಲ್ಲ.

ಮೇಡಂ ಭಾನುವಾರದ ಪಾಠ ಬಿಡಲಿಲ್ಲ. ನಿರ್ಮಲಾ ಎರಡನೇ ವರ್ಷದ ಗಣಿತವನ್ನೂ ಪೂರ್ತಿ ಕಲಿತಳು. ಆದರೆ ಅಂಕಪಟ್ಟಿಯಲ್ಲಿ ಗಣಿತ ಇಲ್ಲದವರಿಗೆ ಸೀಟಿಲ್ಲ ಎಂದು ವಿಶ್ವವಿದ್ಯಾಲಯ ಹೇಳಿತು. ಬೇಕಾದರೆ ಇತಿಹಾಸ ಓದು ಎಂದಿತು. ನಿಮ್ಮಮ್ಮ ಹೋಗಲಿಲ್ಲ. ದಾವಣಗೆರೆಯಲ್ಲೇ ಬಿ.ಎ. ಮಾಡಿದಳು. ಅವಳಿಗೆ ಲೆಕ್ಕ ಬರದೆ ಸೀಟು ತಪ್ಪಿದ್ದರೆ ನಾನು ಸುಮ್ಮನಿರುತ್ತಿದ್ದೆ. ನನ್ನ ಮಗಳಿಗೆ ಲೆಕ್ಕ ಬರುತ್ತಿತ್ತು. ಒಬ್ಬ ಮನುಷ್ಯನಿಗೆ ಗೋಡೆಯ ಮೇಲಿನ ಹಲಗೆ ಚೆನ್ನಾಗಿ ಕಾಣಬೇಕಿತ್ತು, ಅಷ್ಟೇ. ಇವತ್ತಿಗೂ ರೊಟ್ಟಿ ಬಡಿಯುವಾಗ ಅದು ನೆನಪಾದರೆ ಕೈ ಜೋರಾಗುತ್ತದೆ.

ಅವಳ ಬಿ.ಎ. ಮುಗಿಯುವ ಮೊದಲೇ ಮೇಡಂ ಎದೆನೋವಿನಿಂದ ಹೋಗಿಬಿಟ್ಟರು. ಸುದ್ದಿ ಬಂದ ತಕ್ಷಣ ಬಸ್ಸು ಹತ್ತಿದೆವು.

ನಮ್ಮವರ ಪದ್ಧತಿಯಂತೆ ಅವರನ್ನು ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಿಗೆ ಹೂವು. ನೋಡಲು ಬರುವವರಿಗೆ ಗುರುತು ಹತ್ತಲೆಂದು ಯಾರೋ ಕನ್ನಡಕವನ್ನೂ ಹಾಕಿದ್ದರು. ಆಗ ಪ್ರಿನ್ಸಿಪಾಲರು ದೊಡ್ಡ ಹಾರ ಹಿಡಿದು ಬಂದರು. ಹಾರ ಹಾಕಿ, ಸುತ್ತ ನಿಂತವರ ಕಡೆ ತಿರುಗಿ ಅದೇ ಬೆಣ್ಣೆ ದನಿಯಲ್ಲಿ, "ಹೆಣ್ಮಕ್ಕಳ ಓದಿಗೆ ಅಂತ ನಾನೂ ಮೇಡಮ್ಮೋರೂ ಎಷ್ಟು ಒದ್ದಾಡಿದ್ವಿ" ಎಂದರು. ನಿರ್ಮಲಾ ನನ್ನ ಸೆರಗು ಬಿಗಿಯಾಗಿ ಹಿಡಿದಳು.

ನಾನು ಸೆರಗು ಬಿಡಿಸಿಕೊಂಡು ಮುಂದೆ ಹೋದೆ. ಅಷ್ಟು ಜನರ ನಡುವೆ ಹಿಂದೆಂದೂ ನಾನು ಹಾಗೆ ಹೋದವಳಲ್ಲ. ಮೇಡಂ ಮುಖದಿಂದ ಕನ್ನಡಕ ತೆಗೆದೆ, ಮಡಚಿ ಅವರ ಮಡಿಲಲ್ಲಿಟ್ಟೆ.

"ಯಾಕ್ ತಾಯಿ? ಕನ್ನಡಕ ಇದ್ರೇ ಮೇಡಮ್ಮೋರ ಕಳೆ" ಎಂದರು ಪ್ರಿನ್ಸಿಪಾಲರು.

"ಅವರಿಗೆ ನಿಮ್ಮ ಮುಖ ಕಾಣೋದು ಬ್ಯಾಡ್ರಿ" ಎಂದೆ.